ರೇಡ್ ಅರೇಗೆ ಡಿಸ್ಕ್ ಸೇರಿಸೋದು, ಬದಲಿಸೋದು, ಸಾಗಿಸೋದು: ಎಂಟರ್ ಒತ್ತುವ ಮೊದಲಿನ ಕೆಲಸವೇ ಜಾಸ್ತಿ

ಆಷಾಢದಲ್ಲಿ ಮದುವೆ ಇರುವುದಿಲ್ಲ. ಮಲೆನಾಡಿನ ಒಂದು ಫೋಟೋ ಸ್ಟುಡಿಯೋದ ಸ್ಟೋರೇಜ್ ನೋಡಿಕೊಳ್ಳುವ ನನಗೆ ಡಿಸ್ಕಿನ ಕೆಲಸಕ್ಕೆ ಬಿಡುವು ಸಿಗುವುದು ಆಗಲೇ. ತೊಂದರೆ ಏನೆಂದರೆ ಮಳೆ ಜೋರಾಗುವುದೂ ಆಗಲೇ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವುದೂ ಆಗಲೇ. ಈ ಎರಡರ ನಡುವೆ ಸಿಕ್ಕಿಹಾಕಿಕೊಂಡೇ ಈ ಕೆಲಸ ಕಲಿತೆ ಅನ್ನಬಹುದು.

ಅಲ್ಲಿರುವುದು ಡೆಬಿಯನ್ ಲಿನಕ್ಸ್ ಹಾಕಿದ ಒಂದು ಸಾಧಾರಣ ಡೆಸ್ಕ್‌ಟಾಪ್. ಒಳಗೆ 4 ಟಿಬಿಯ ಮೂರು ಡಿಸ್ಕ್, ಲಿನಕ್ಸಿನ ಸಾಫ್ಟ್‌ವೇರ್ ರೇಡ್ 5, ಅದರ ಮೇಲೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ (ಫೈಲುಗಳನ್ನು ಜೋಡಿಸಿಡುವ ಪದ್ಧತಿ). ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ಏರ್ಪಾಟು, ಹಾಗೆ ಕಟ್ಟಿದ ಗುಂಪೇ ಅರೇ. ಜಾಗ ತುಂಬಿತು, ನಾಲ್ಕನೆಯ ಡಿಸ್ಕ್ ಬಂತು. ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಕಮಾಂಡುಗಳನ್ನು ಹೆಸರಿನಿಂದಷ್ಟೇ ಹೇಳುತ್ತೇನೆ, ಕಾಪಿ ಪೇಸ್ಟ್ ಮಾಡಲು ಸಿಗುವುದಿಲ್ಲ. ಅದು ಒಳ್ಳೆಯದೇ. ಈ ಕೆಲಸದಲ್ಲಿ ಬೇರೆಯವರ ಡಿಸ್ಕಿನ ಹೆಸರಿರುವ ಸಾಲನ್ನು ತಂದು ಅಂಟಿಸಿ ಡೇಟಾ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ತೆರೆದು, ನಿಮ್ಮ ಡಿಸ್ಕಿನ ಹೆಸರು ಹಾಕಿ ನೀವೇ ಟೈಪ್ ಮಾಡಿ.

ಒಳಗೆ ಏನಾಗುತ್ತದೆ ಅಂತ ಮೊದಲು ಗೊತ್ತಿರಲಿ

ಊಟದ ಪಂಕ್ತಿಗೆ ತಡವಾಗಿ ನಾಲ್ಕನೆಯವರು ಬಂದರೆ ಒಂದು ಎಲೆ ಹಾಕಿ ಬಡಿಸಿದರೆ ಮುಗಿಯಿತು. ರೇಡ್ 5ಕ್ಕೆ ನಾಲ್ಕನೆಯ ಡಿಸ್ಕ್ ಸೇರಿಸುವುದು ಹಾಗಲ್ಲ. ಮೂರೂ ಎಲೆಗೆ ಬಡಿಸಿದ್ದನ್ನೆಲ್ಲ ತೆಗೆದು, ಮೊದಲಿನಿಂದ ನಾಲ್ಕು ಎಲೆಗೆ ಹಂಚಿದಂತೆ. ಮೂರು ಡಿಸ್ಕ್ ಇದ್ದಾಗ ಪ್ರತಿ ಸಾಲಿನಲ್ಲಿ ಎರಡು ತುಂಡು ಡೇಟಾ, ಒಂದು ತುಂಡು ಪ್ಯಾರಿಟಿ (ಒಂದು ಡಿಸ್ಕ್ ಸತ್ತರೆ ಅದರಲ್ಲಿದ್ದದ್ದನ್ನು ಮತ್ತೆ ಲೆಕ್ಕ ಹಾಕಲು ಇಡುವ ಮಾಹಿತಿ). ನಾಲ್ಕಾದರೆ ಮೂರು ಡೇಟಾ, ಒಂದು ಪ್ಯಾರಿಟಿ. ಹಾಗಾಗಿ ಡಿಸ್ಕಿನ ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಪ್ರತಿ ತುಂಡನ್ನೂ ಓದಿ, ಪ್ಯಾರಿಟಿ ಮತ್ತೆ ಲೆಕ್ಕ ಹಾಕಿ, ಹೊಸ ಜಾಗದಲ್ಲಿ ಬರೆಯಬೇಕು. ಇದಕ್ಕೆ ರೀಶೇಪ್ ಅನ್ನುತ್ತಾರೆ. ಇದು ನಡೆಯುವಾಗಲೂ ಅರೇ ಮೌಂಟ್ ಆಗಿಯೇ (ಬಳಕೆಗೆ ತೆರೆದೇ) ಇರುತ್ತದೆ, ಫೈಲ್ ತೆರೆಯಬಹುದು, ಬರೆಯಬಹುದು, ನಿಧಾನ ಅಷ್ಟೇ.

ಇದರಿಂದ ಎರಡು ವಿಷಯ ಅರ್ಥವಾಗುತ್ತದೆ. ಒಂದು, ನಿಮ್ಮ ಹಳೆಯ ಡಿಸ್ಕುಗಳು ಇಷ್ಟು ವರ್ಷದಲ್ಲಿ ಎಂದೂ ಮಾಡದಷ್ಟು ಕೆಲಸವನ್ನು ಒಂದೇ ಸಲ ಮಾಡಬೇಕು. ಹಳೆಯ ಫೋಟೋ ಇರುವ, ಯಾರೂ ಮುಟ್ಟದ ಮೂಲೆಯನ್ನೂ ಓದಬೇಕು. ಅಲ್ಲೊಂದು ಕೆಟ್ಟ ಸೆಕ್ಟರ್ (ಡಿಸ್ಕಿನ ಚಿಕ್ಕ ತುಣುಕು) ಕೂತಿದ್ದರೆ ಅದು ಹೊರಗೆ ಬರುವುದು ಈಗಲೇ. ಎರಡು, ಶುರುವಾದ ಮೇಲೆ ಅರ್ಧಕ್ಕೆ ಬಿಟ್ಟು ಹಿಂದೆ ಬರುವುದು ಸುಲಭವಲ್ಲ. ಮುಂದೆ ಹೋಗಿ ಮುಗಿಸುವುದೇ ದಾರಿ.

ಆದ್ದರಿಂದ ಬ್ಯಾಕಪ್. ರೇಡ್ ಇದೆಯಲ್ಲ ಅನ್ನಬೇಡಿ. ಡಿಸ್ಕ್ ಸತ್ತರೂ ಕೆಲಸ ನಿಲ್ಲದಿರಲಿ ಅಂತ ರೇಡ್ ಇರುವುದು, ನೀವು ತಪ್ಪು ಕಮಾಂಡ್ ಕೊಟ್ಟರೆ ಅದು ಆ ತಪ್ಪನ್ನು ನಾಲ್ಕೂ ಡಿಸ್ಕಿಗೆ ನಿಷ್ಠೆಯಿಂದ ಬರೆಯುತ್ತದೆ. ಎಲ್ಲದಕ್ಕೂ ಬ್ಯಾಕಪ್ ಇಡುವಷ್ಟು ಜಾಗ ಇಲ್ಲವಾ? ಮತ್ತೆ ಸಿಗದೇ ಇರುವುದಕ್ಕಾದರೂ ಇಡಿ. ನಾವು ಎರಡು ಯುಎಸ್‌ಬಿ ಡಿಸ್ಕಿಗೆ ಮೂಲ ಫೋಟೋ ಫೈಲುಗಳನ್ನು ಹಾಕಿದೆವು, ಎಡಿಟ್ ಮಾಡಿದ ಆಲ್ಬಂ ಫೈಲುಗಳನ್ನು ಬಿಟ್ಟೆವು. ಅವನ್ನು ಇನ್ನೊಂದು ಸಲ ಮಾಡಬಹುದು, ಮುಹೂರ್ತವನ್ನು ಇನ್ನೊಂದು ಸಲ ಮಾಡಿಸಲು ಆಗುವುದಿಲ್ಲ.

ಡಿಸ್ಕ್ ಕೊಳ್ಳುವ ಮುಂಚೆ ಒಂದು ಲೆಕ್ಕ

ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗುತ್ತದೆ, ರೇಡ್ 6ರಲ್ಲಿ ಎರಡು. 4 ಟಿಬಿಯ ಮೂರು ಡಿಸ್ಕಿಗೆ 8 ಟಿಬಿ, ನಾಲ್ಕಕ್ಕೆ 12. ಆದರೆ ಸಿಸ್ಟಂ 10.9 ಅಂತ ತೋರಿಸುತ್ತದೆ. ಮೋಸ ಏನಿಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ಸಿಸ್ಟಂ 1024ರ ಲೆಕ್ಕದಲ್ಲಿ.

ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ (ಬರೆಯುವ ಪಟ್ಟಿಗಳು ಬೇರೆ ಬೇರೆಯಾಗಿರುವ ಬಗೆ) ಅಂತ ಖಾತ್ರಿ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕುಗಳಲ್ಲಿ ಬರೆಯುವ ಪಟ್ಟಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಒಂದನ್ನು ಬದಲಿಸಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಮನೆಯ ಬ್ಯಾಕಪ್ಪಿಗೆ ನಡೆಯುತ್ತದೆ, ಆದರೆ ರೀಶೇಪ್ ತರಹದ ಬಿಡುವಿಲ್ಲದ ಬರವಣಿಗೆಗೆ ಅದು ಏದುಸಿರು ಬಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನಲ್ಲಿ 2ರಿಂದ 6 ಟಿಬಿಯವರೆಗಿನ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅಂತ ಗೊತ್ತಾಗಿ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಸಿಎಂಆರ್ ಇರುವುದಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಬಂತು. ಅಂಗಡಿಯವರು ಎಲ್ಲವೂ ಒಂದೇ ಸಾರ್ ಅನ್ನುತ್ತಾರೆ. ಮಾಡೆಲ್ ನಂಬರ್ ಬರೆದುಕೊಂಡು ಹೋಗಿ.

ರೇಡ್ 5 ಸಾಕಾ, 6 ಬೇಕಾ? ಸಾಧಾರಣ ಡೆಸ್ಕ್‌ಟಾಪ್ ಡಿಸ್ಕುಗಳ ವಿವರ ಹಾಳೆಯಲ್ಲಿ, ಓದಲಾಗದ ತಪ್ಪು 10ರ 14ನೇ ಘಾತದಷ್ಟು ಬಿಟ್‌ಗಳಿಗೆ ಒಂದಕ್ಕಿಂತ ಜಾಸ್ತಿ ಇರುವುದಿಲ್ಲ ಅಂತ ಇರುತ್ತದೆ. ಅಂದರೆ ಹತ್ತಿರ ಹತ್ತಿರ 12.5 ಟಿಬಿ. ಪ್ರತಿ 12.5 ಟಿಬಿಗೆ ಒಂದು ತಪ್ಪು ಗ್ಯಾರಂಟಿ ಅಂತ ಇದರ ಅರ್ಥವಲ್ಲ, ಅದು ಮೇಲಿನ ಮಿತಿ. ಆದರೂ ಒಂದು ಡಿಸ್ಕ್ ಸತ್ತು ಉಳಿದವನ್ನೆಲ್ಲ ಪೂರ್ತಿ ಓದಿ ರೀಬಿಲ್ಡ್ ಮಾಡುವಾಗ (ಅದರ ಡೇಟಾವನ್ನು ಹೊಸ ಡಿಸ್ಕಿನಲ್ಲಿ ಮತ್ತೆ ಕಟ್ಟುವಾಗ) ರೇಡ್ 5ರಲ್ಲಿ ಒಂದು ತಪ್ಪಿಗೂ ಜಾಗ ಇರುವುದಿಲ್ಲ. ನನ್ನ ಮಟ್ಟಿಗೆ ಐದು ಡಿಸ್ಕ್ ಆದರೆ, ಅಥವಾ ಒಂದೊಂದು ಡಿಸ್ಕೂ 8 ಟಿಬಿ ದಾಟಿದರೆ, ರೇಡ್ 6. ವಾದ ಮಾಡುವವರು ಮಾಡಲಿ.

ತಯಾರಿ

ಹಳೆಯ ಡಿಸ್ಕುಗಳ ಆರೋಗ್ಯ ಮೊದಲು. ಡಿಸ್ಕಿನ ಆರೋಗ್ಯದ ವರದಿ ಕೊಡುವ ಸ್ಮಾರ್ಟ್‌ಸಿಟಿಎಲ್ ಓಡಿಸಿ 5, 197, 198 ನಂಬರಿನ ಸಾಲುಗಳನ್ನು ನೋಡಿ: ಬದಲಿ ಕೊಟ್ಟ ಸೆಕ್ಟರ್, ಓದಲು ಒದ್ದಾಡುತ್ತಿರುವ ಸೆಕ್ಟರ್, ಕೈಬಿಟ್ಟ ಸೆಕ್ಟರ್. 197 ಸೊನ್ನೆ ಇಲ್ಲದಿದ್ದರೆ ನಿಲ್ಲಿ, ಆ ಡಿಸ್ಕನ್ನು ಮೊದಲು ಬದಲಿಸಿ. 199 ಬೇರೆ ಕಥೆ, ಅದು ಬಹುತೇಕ ಕೇಬಲ್ಲಿನ ತೊಂದರೆ. ಹೊಸ ಡಿಸ್ಕಿಗೂ ಉದ್ದನೆಯ ಟೆಸ್ಟ್ ಮಾಡಿ, 4 ಟಿಬಿಗೆ ಒಂದು ರಾತ್ರಿ ಬೇಕು. ಡಬ್ಬಿಯಿಂದ ತೆಗೆದ ಹೊಸ ಡಿಸ್ಕೇ ಕೆಟ್ಟಿರುವುದು ಅಪರೂಪವೇನಲ್ಲ.

ಆಮೇಲೆ ಅರೇಯ ಚೆಕ್. ಸಿಸ್ ಫೋಲ್ಡರಿನೊಳಗೆ ಆ ಅರೇಯ ಸಿಂಕ್ ಆ್ಯಕ್ಷನ್ ಫೈಲಿಗೆ ಚೆಕ್ ಅಂತ ಬರೆದರೆ ಅದು ಎಲ್ಲ ಡಿಸ್ಕನ್ನೂ ಪೂರ್ತಿ ಓದಿ ಪ್ಯಾರಿಟಿ ಹೊಂದುತ್ತದೋ ಇಲ್ಲವೋ ನೋಡುತ್ತದೆ. ಮುಗಿದ ಮೇಲೆ ಮಿಸ್‌ಮ್ಯಾಚ್ ಕೌಂಟ್ ಸೊನ್ನೆ ಇರಬೇಕು. ಇಷ್ಟು ಪಾಸಾದ ಅರೇ ರೀಶೇಪ್‌ಗೆ ತಯಾರಿದೆ ಅಂತ ಧೈರ್ಯವಾಗಿ ಹೇಳಬಹುದು.

ಇನ್ನು ಸ್ಟಿಕ್ಕರ್. ನಗಬೇಡಿ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರುಗಳು ರೀಬೂಟ್ ಆದಾಗ ಅದಲುಬದಲು ಆಗಬಹುದು, ಹೊಸ ಡಿಸ್ಕ್ ಹಾಕಿದ ದಿನವಂತೂ ಆಗಿಯೇ ಆಗುತ್ತದೆ ಅಂದುಕೊಳ್ಳಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು, ಕ್ಯಾಬಿನೆಟ್ಟಿನಿಂದ ಹೊರಗೆ ಎಳೆಯದೆ ಓದಲು ಬರುವ ಕಡೆ ಅಂಟಿಸಿ. ಕಮಾಂಡ್ ಕೊಡುವ ಮುಂಚೆ ಪ್ರತಿ ಸಲ ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆಯನ್ನು ಸೀರಿಯಲ್ ತೋರಿಸುವ ಆಯ್ಕೆಯೊಂದಿಗೆ ಓಡಿಸಿ, ಹೆಸರಿನ ಪಕ್ಕ ಸೀರಿಯಲ್ ನೋಡಿ.

ಕರೆಂಟ್: ರೀಶೇಪ್ ಎಲ್ಲಿಯವರೆಗೆ ಬಂತು ಅಂತ ಡಿಸ್ಕುಗಳ ಮೆಟಾಡೇಟಾದಲ್ಲೇ ಗುರುತು ಇರುತ್ತದೆ. ಆದ್ದರಿಂದ ನಡುವೆ ಮಷೀನ್ ಆಫ್ ಆದರೂ ಮತ್ತೆ ಅಲ್ಲಿಂದಲೇ ಮುಂದುವರಿಯಬೇಕು. ಬೇಕು ಅನ್ನುವುದಕ್ಕೂ ಆಗುತ್ತದೆ ಅನ್ನುವುದಕ್ಕೂ ನಡುವೆ ಯುಪಿಎಸ್ ಇಡಿ. ಮನೆಯ ಇನ್ವರ್ಟರ್‌ಗೆ ಹಾಕಿದವರು ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಸಾಧಾರಣ ಮೋಡ್‌ನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಫ್ಯಾನಿಗೆ ಏನೂ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು.

ಸೇರಿಸುವುದು

ಹಳೆಯ ಡಿಸ್ಕಿನಲ್ಲಿ ಪಾರ್ಟಿಷನ್ (ವಿಭಾಗ) ಮಾಡಿ ಅರೇ ಕಟ್ಟಿದ್ದರೆ ಹೊಸದಕ್ಕೂ ಹಾಗೇ ಮಾಡಬೇಕು. ಎಸ್‌ಜಿಡಿಸ್ಕ್ ಕಮಾಂಡಿನ ದೊಡ್ಡ ಆರ್ ಆಯ್ಕೆ ಒಂದರ ಪಾರ್ಟಿಷನ್ ಟೇಬಲನ್ನು ಇನ್ನೊಂದಕ್ಕೆ ನಕಲು ಮಾಡುತ್ತದೆ. ಇಲ್ಲಿ ಒಂದು ಗುಂಡಿ ಇದೆ. ಆರ್ ಪಕ್ಕದಲ್ಲೇ ಬರಬೇಕಾದದ್ದು ನಕಲು ಹೋಗುವ ಡಿಸ್ಕ್, ಅಂದರೆ ಹೊಸದು. ಕೊನೆಯಲ್ಲಿ ಹಳೆಯದು. ನಾವು ಇಲ್ಲಿಂದ ಅಲ್ಲಿಗೆ ಅಂತ ಓದುವ ಅಭ್ಯಾಸದಲ್ಲಿ ಉಲ್ಟಾ ಬರೆದರೆ ಹೊಸ ಡಿಸ್ಕಿನ ಖಾಲಿ ಟೇಬಲ್ ಹಳೆಯದರ ಮೇಲೆ ಕೂರುತ್ತದೆ. ನಾನು ಈ ಸಾಲು ಟೈಪ್ ಮಾಡಿ ಕೈ ಎತ್ತಿ, ಒಂದು ಸಲ ಜೋರಾಗಿ ಓದಿ ಆಮೇಲೆ ಎಂಟರ್ ಒತ್ತುತ್ತೇನೆ. ನಕಲಾದ ಮೇಲೆ ದೊಡ್ಡ ಜಿ ಕೊಟ್ಟು ಹೊಸ ಗುರುತಿನ ಸಂಖ್ಯೆ ಹಾಕಿಸಿ, ಇಲ್ಲದಿದ್ದರೆ ಎರಡು ಡಿಸ್ಕಿಗೂ ಒಂದೇ ಸಂಖ್ಯೆ ಉಳಿಯುತ್ತದೆ.

ಮುಂದಿನದು ಎಂಡಿಎಡಿಎಂ, ಲಿನಕ್ಸ್ ರೇಡ್ ನಡೆಸುವ ಕಮಾಂಡ್. ಆ್ಯಡ್ ಆಯ್ಕೆಯಿಂದ ಹೊಸ ಪಾರ್ಟಿಷನ್ ಸೇರಿಸಿದರೆ ಅದು ಸದ್ಯಕ್ಕೆ ಸ್ಪೇರ್ ಆಗಿ ಕೂರುತ್ತದೆ, ಜಾಗ ಹೆಚ್ಚುವುದಿಲ್ಲ. ಆಮೇಲೆ ಗ್ರೋ ಆಯ್ಕೆ ಕೊಟ್ಟು ರೇಡ್ ಡಿವೈಸಸ್ ಸಂಖ್ಯೆ 4 ಅನ್ನಬೇಕು. ರೀಶೇಪ್ ಶುರುವಾಗುವುದು ಆಗ. ಬ್ಯಾಕಪ್ ಫೈಲ್ ಕೇಳಿದರೆ ಅದನ್ನು ಈ ಅರೇಯ ಹೊರಗಿನ ಡಿಸ್ಕಿನಲ್ಲಿ ಇಡಿ, ಎಲ್ಲಿಟ್ಟೆ ಅಂತ ಕಾಗದದಲ್ಲಿ ಬರೆಯಿರಿ. ನಡುವೆ ಮಷೀನ್ ನಿಂತರೆ ಅರೇ ಎಬ್ಬಿಸಲು ಅದೇ ಫೈಲ್ ಬೇಕಾಗಬಹುದು. ಈಚಿನ ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಎಂಡಿಎಡಿಎಂ ಇದ್ದರೆ ಸಾಮಾನ್ಯವಾಗಿ ಕೇಳುವುದಿಲ್ಲ, ಡಿಸ್ಕಿನ ಆರಂಭದಲ್ಲಿ ಬಿಟ್ಟಿರುವ ಖಾಲಿ ಜಾಗವನ್ನೇ ಬಳಸಿಕೊಳ್ಳುತ್ತದೆ.

ಪ್ರಾಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಫೈಲ್ ನೋಡುತ್ತಿರಿ. ನನಗೆ ಸೆಕೆಂಡಿಗೆ ಸುಮಾರು 42,000ಕೆ (ಕಿಲೋಬೈಟ್) ವೇಗ ತೋರಿಸಿ, 1550 ನಿಮಿಷ ಬೇಕು ಅಂದಿತು. ಅಂದರೆ ಒಂದು ದಿನಕ್ಕೂ ಮೇಲೆ. ಹೆಚ್ಚಿಸಬಹುದಾ? ಸ್ವಲ್ಪ. ಕರ್ನಲ್‌ನಲ್ಲಿ ರೇಡ್ ಸ್ಪೀಡ್ ಲಿಮಿಟ್‌ನ ಕೆಳಮಿತಿ ಸಾಧಾರಣವಾಗಿ 1000, ಮೇಲ್ಮಿತಿ 2,00,000 ಇರುತ್ತದೆ. ಬೇರೆಯವರು ಡಿಸ್ಕ್ ಬಳಸುತ್ತಿದ್ದರೆ ರೀಶೇಪ್ ಕೆಳಮಿತಿಯ ಕಡೆಗೆ ಜಾರುತ್ತದೆ, ಆದ್ದರಿಂದ ರಾತ್ರಿ ಹೊತ್ತು ಕೆಳಮಿತಿಯನ್ನು 50,000ಕ್ಕೆ ಏರಿಸಿ. ಸ್ಟ್ರೈಪ್ ಕ್ಯಾಶ್ ಸೈಜ್ 256 ಇರುತ್ತದೆ, 8192 ಮಾಡಿದರೆ ನಾಲ್ಕು ಡಿಸ್ಕಿಗೆ 128 ಎಂಬಿಯಷ್ಟು ಮೆಮೊರಿ ತಿನ್ನುತ್ತದೆ, ವೇಗ ಚೆನ್ನಾಗಿ ಏರುತ್ತದೆ.

ನನ್ನದು 38 ಪರ್ಸೆಂಟ್‌ಗೆ ಬಂದಾಗ ಎಡವಿತು. ಬೆಳಿಗ್ಗೆ ಕಾಫಿ ಹಿಡಿದು ಎಂಡಿಸ್ಟ್ಯಾಟ್ ನೋಡಿದರೆ ಕೆಲಸ ಮಾಡುವ ಡಿಸ್ಕಿಗೆ ಒಂದರಂತೆ ನಾಲ್ಕು ಯು ಇರಬೇಕಾದ ಕಡೆ ಮೂರೇ ಯು, ಕೊನೆಯದರ ಜಾಗದಲ್ಲಿ ಒಂದು ಗೀಟು. ಹೊಸ ಡಿಸ್ಕೇ ಬಿದ್ದುಹೋಗಿತ್ತು. ಕೈ ನಡುಗಿತು ಅಂದರೆ ಸುಳ್ಳಲ್ಲ. ಆದರೆ ಕೆಳಗಿನ ಸಾಲಿನಲ್ಲಿ ರೀಶೇಪ್ ಓಡುತ್ತಲೇ ಇತ್ತು, ಒಂದು ಕಾಲು ಮುರಿದರೂ ರೇಡ್ 5 ನಡೆಯುತ್ತದಲ್ಲ. ಈ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಏನೂ ಮಾಡದಿರುವುದು. ರೀಬೂಟ್ ಬೇಡ, ಕೇಬಲ್ ಅಲುಗಾಡಿಸುವುದು ಬೇಡ. ಸ್ಮಾರ್ಟ್ ನೋಡಿದೆ, 199ರ ಸಾಲಿನಲ್ಲಿ ನೂರಾರು. ಉಳಿದದ್ದೆಲ್ಲ ಸೊನ್ನೆ. ಡಿಸ್ಕ್ ಚೆನ್ನಾಗಿದೆ, ಕೇಬಲ್ ಸರಿ ಇಲ್ಲ. ಹೊಸ ಡಿಸ್ಕಿಗೆ ನಾನು ಡ್ರಾಯರಿನಲ್ಲಿದ್ದ ಯಾವುದೋ ಕಾಲದ ಸಾಟಾ ಕೇಬಲ್ ಹಾಕಿದ್ದೆ, ಕ್ಲಿಪ್ ಮುರಿದಿದ್ದು. ಉಳಿಸಿದ್ದು ನೂರು ರೂಪಾಯಿ. ರೀಶೇಪ್ ಮುಗಿಯುವವರೆಗೆ ಕಾದು, ಆಮೇಲೆ ಮಷೀನ್ ಆಫ್ ಮಾಡಿ ಕೇಬಲ್ ಬದಲಿಸಿ, ಡಿಸ್ಕನ್ನು ಮತ್ತೆ ಸೇರಿಸಿದೆ. ರೀಬಿಲ್ಡ್‌ಗೆ ಇನ್ನೊಂದು ಎಂಟು ಗಂಟೆ.

ಈಗ ಅರೇ ದೊಡ್ಡದಾಯಿತು, ಆದರೆ ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದರೆ ಹಳೆಯ ಜಾಗವೇ ಕಾಣುತ್ತದೆ. ಎಷ್ಟೋ ಜನ ಇಲ್ಲೇ ಗಾಬರಿ ಬೀಳುತ್ತಾರೆ. ಅಡಿಯಿಂದ ಮೇಲಕ್ಕೆ ಒಂದೊಂದೇ ಪದರ ಹಿಗ್ಗಿಸಬೇಕು. ನಡುವೆ ಎಲ್‌ವಿಎಂ (ಜಾಗವನ್ನು ಬೇಕಾದಂತೆ ಹಂಚುವ ಪದರ) ಇದ್ದರೆ ಮೊದಲು ಪಿವಿರೀಸೈಜ್, ಆಮೇಲೆ ಎಲ್‌ವಿಎಕ್ಸ್‌ಟೆಂಡ್. ಕೊನೆಗೆ ಫೈಲ್‌ಸಿಸ್ಟಂ: ಇಎಕ್ಸ್‌ಟಿ4ಗೆ ರೀಸೈಜ್‌2ಎಫ್‌ಎಸ್, ಎಕ್ಸ್‌ಎಫ್‌ಎಸ್‌ಗೆ ಅದರದೇ ಗ್ರೋಎಫ್‌ಎಸ್. ಎರಡನ್ನೂ ಮೌಂಟ್ ಇರುವಾಗಲೇ ಹಿಗ್ಗಿಸಬಹುದು. ಹಳೆಯ ಕಾಲದ ಇಎಕ್ಸ್‌ಟಿ4 ಆಗಿದ್ದು 64 ಬಿಟ್ ಫೀಚರ್ ಇಲ್ಲದಿದ್ದರೆ 16 ಟಿಬಿಯ ಹತ್ತಿರ ಗೋಡೆ ಇದೆ. ಅನ್‌ಮೌಂಟ್ ಮಾಡಿ ಆ ಫೀಚರ್ ಹಾಕಿಸಿಯೇ ಮುಂದೆ ಹೋಗಬೇಕು.

ದೊಡ್ಡ ಡಿಸ್ಕಿಗೆ ಬದಲಿಸುವುದು

ಸಾಟಾ ಪೋರ್ಟ್ ಖಾಲಿ ಇಲ್ಲ, 4 ಟಿಬಿ ತೆಗೆದು 8 ಟಿಬಿ ಹಾಕಬೇಕು ಅಂದರೆ ಒಂದೊಂದಾಗಿಯೇ ಬದಲಿಸಬೇಕು. ಒಂದು ಪೋರ್ಟ್ ಆದರೂ ಹೇಗಾದರೂ ಹೊಂದಿಸಿ. ಹಳೆಯ ಡಿಸ್ಕ್ ಇದ್ದ ಹಾಗೇ ಹೊಸದನ್ನು ಪಕ್ಕಕ್ಕೆ ಹಾಕಿ ರೀಪ್ಲೇಸ್ ಆಯ್ಕೆ ಕೊಟ್ಟರೆ ಹಳೆಯದರಿಂದ ಹೊಸದಕ್ಕೆ ನಕಲಾಗುತ್ತದೆ, ರಕ್ಷಣೆ ಒಂದು ಗಳಿಗೆಯೂ ತಪ್ಪುವುದಿಲ್ಲ. ಹಳೆಯದನ್ನು ಫೇಲ್ ಮಾಡಿ ಕಿತ್ತು ಹೊಸದು ಹಾಕುವ ಹಳೆಯ ಪದ್ಧತಿಯಲ್ಲಿ ಪ್ರತಿ ಸಲವೂ ಎಂಟು ಹತ್ತು ಗಂಟೆ ಬರಿಗೈಲಿ ನಿಂತ ಹಾಗೆ. ಇಲ್ಲಿ ಪಾರ್ಟಿಷನ್ ಟೇಬಲ್ ನಕಲು ಮಾಡಬೇಡಿ, 8 ಟಿಬಿ ಡಿಸ್ಕಿನಲ್ಲಿ 4 ಟಿಬಿಯ ಪಾರ್ಟಿಷನ್ ಕೂತುಬಿಡುತ್ತದೆ. ಹೊಸದಾಗಿ ಪೂರ್ತಿ ಅಳತೆಗೆ ಮಾಡಿ. ಕೊನೆಯ ಡಿಸ್ಕ್ ಬದಲಾಗುವವರೆಗೂ ಜಾಗ ಹೆಚ್ಚುವುದಿಲ್ಲ, ಅತಿ ಚಿಕ್ಕ ಡಿಸ್ಕ್ ಎಷ್ಟೋ ಅಷ್ಟೇ ಲೆಕ್ಕ. ಎಲ್ಲ ಮುಗಿದ ಮೇಲೆ ಗ್ರೋ, ಸೈಜ್ ಮ್ಯಾಕ್ಸ್, ಆಮೇಲೆ ಫೈಲ್‌ಸಿಸ್ಟಂ. ಸೈಜ್ ಹೆಚ್ಚಿಸಲು ಒಪ್ಪದಿದ್ದರೆ ಬಿಟ್‌ಮ್ಯಾಪ್ (ಎಲ್ಲಿ ಬರೆಯಲಾಗುತ್ತಿದೆ ಅಂತ ಅರೇ ಇಟ್ಟುಕೊಳ್ಳುವ ಗುರುತು) ತೆಗೆದು ನೋಡಿ, ಮುಗಿದ ಮೇಲೆ ಮತ್ತೆ ಹಾಕಿ.

ಲೆವೆಲ್ ಬದಲಿಸುವುದು, ಇಲ್ಲವೇ ಬದಲಿಸದೇ ಇರುವುದು

ರೇಡ್ 1ರ ಎರಡು ಡಿಸ್ಕನ್ನು ರೇಡ್ 5 ಮಾಡಿ, ಮೂರನೆಯದು ಸೇರಿಸಿ ಹಿಗ್ಗಿಸಬಹುದು. ರೇಡ್ 5ಕ್ಕೆ ಒಂದು ಡಿಸ್ಕ್ ಹೆಚ್ಚು ಕೊಟ್ಟು 6 ಮಾಡಬಹುದು. ಎಂಡಿಎಡಿಎಂ ಇದನ್ನೆಲ್ಲ ಮಾಡುತ್ತದೆ. ಆದರೆ ನನ್ನನ್ನು ಕೇಳಿದರೆ, ಲೆವೆಲ್ ಬದಲಿಸುವ ಹಂತಕ್ಕೆ ಬಂದಿದ್ದೀರಿ ಅಂದರೆ ಹೊಸ ಡಿಸ್ಕುಗಳಲ್ಲಿ ಹೊಸ ಅರೇಯನ್ನೇ ಕಟ್ಟಿ ಡೇಟಾ ನಕಲು ಮಾಡಿ. ದುಡ್ಡು ಜಾಸ್ತಿ, ನೆಮ್ಮದಿಯೂ ಜಾಸ್ತಿ. ಹಳೆಯದು ಇದ್ದ ಹಾಗೇ ಇರುತ್ತದೆ, ಹೆಚ್ಚುಕಮ್ಮಿ ಆದರೆ ಅದಕ್ಕೇ ವಾಪಸ್. ಆರ್‌ಸಿಂಕ್‌ನಲ್ಲಿ ಚಿಕ್ಕ ಎ, ಜೊತೆಗೆ ದೊಡ್ಡ ಎಚ್, ಎ, ಎಕ್ಸ್ ಕೊಡಿ, ಪರ್ಮಿಷನ್, ಹಾರ್ಡ್ ಲಿಂಕ್ ಎಲ್ಲ ಉಳಿಯುತ್ತವೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೀಟು ಇದ್ದರೆ ಒಳಗಿರುವುದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಕೂರುತ್ತದೆ. ಮೊದಲ ನಕಲು ಕೆಲಸ ನಡೆಯುವಾಗಲೇ ಆಗಲಿ, ಎರಡನೆಯದನ್ನು ಎಲ್ಲರೂ ಮನೆಗೆ ಹೋದ ಮೇಲೆ ಮಾಡಿ, ಅದು ಬದಲಾದದ್ದನ್ನಷ್ಟೇ ತರುತ್ತದೆ.

ಬೇರೆ ಮಷೀನಿಗೆ ಸಾಗಿಸುವುದು

ಜನ ಜಾಸ್ತಿ ಹೆದರುವುದು ಇದಕ್ಕೆ, ಆದರೆ ಲಿನಕ್ಸ್ ರೇಡ್‌ನಲ್ಲಿ ಇದೇ ಸುಲಭ. ಯಾವ ಡಿಸ್ಕ್ ಯಾವ ಅರೇಗೆ ಸೇರಿದ್ದು, ಎಷ್ಟನೆಯದು ಅನ್ನುವುದು ಆ ಡಿಸ್ಕಿನಲ್ಲೇ ಬರೆದಿರುತ್ತದೆ. ಯಾವ ಪೋರ್ಟಿಗೆ ಚುಚ್ಚಿದರೂ ಆಗುತ್ತದೆ. ಎಕ್ಸಾಮಿನ್ ಆಯ್ಕೆಯಲ್ಲಿ ಓದಿ ನೋಡಿ, ಅಸೆಂಬಲ್ ಸ್ಕ್ಯಾನ್ ಕೊಡಿ. ಹೊಸ ಮಷೀನಿನ ಹೆಸರು ಬೇರೆಯಾದ್ದರಿಂದ ಅರೇ ಎಂಡಿ127 ಅಂತ ಏಳಬಹುದು, ಹೆದರಬೇಡಿ, ಡೇಟಾ ಅದೇ. ಮೌಂಟ್ ಮಾಡಬೇಕಾದ್ದರ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಹೆಸರಿನ ಬದಲು ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಬರೆದಿದ್ದರೆ ಈ ರಗಳೆಯೂ ಇಲ್ಲ.

ಒಂದು ಮಾತ್ರ ಮಾಡಲೇಬೇಡಿ. ಅರೇ ಏಳಲಿಲ್ಲ ಅಂತ ಕ್ರಿಯೇಟ್ ಕೊಡಬೇಡಿ. ಕ್ರಿಯೇಟ್ ಅಂದರೆ ಹೊಸದು ಕಟ್ಟು ಅಂತ. ಡಿಸ್ಕಿನ ಕ್ರಮ ಅಥವಾ ಚಂಕ್ (ಒಂದು ತುಂಡಿನ) ಅಳತೆ ಸ್ವಲ್ಪ ಬೇರೆಯಾದರೂ ಸಾಕು, ಅದು ತಪ್ಪು ಕ್ರಮದಲ್ಲೇ ಪ್ಯಾರಿಟಿ ಬರೆಯಲು ಶುರು ಮಾಡುತ್ತದೆ. ಯುಎಸ್‌ಬಿ ಡಾಕ್‌ನಲ್ಲಿ ಹಾಕಿ ಡಿಸ್ಕ್ ಖಾಲಿ ಕಂಡರೂ ಹೀಗೇ ತಾಳ್ಮೆ ಇರಲಿ. ಕೆಲವು ಡಾಕ್‌ಗಳು ಸೆಕ್ಟರ್ ಅಳತೆಯನ್ನು 512ರ ಬದಲು 4096 ಅಂತ ತೋರಿಸುತ್ತವೆ, ಪಾರ್ಟಿಷನ್ ಟೇಬಲ್ ಸಿಗದೇ ಹೋಗುತ್ತದೆ. ನೇರ ಸಾಟಾಗೆ ಹಾಕಿದರೆ ಮತ್ತೆ ಕಾಣುತ್ತದೆ.

ಹಾರ್ಡ್‌ವೇರ್ ರೇಡ್ ಕಾರ್ಡ್ ಇದ್ದವರಿಗೆ ನಿಯಮ ಬೇರೆ. ಅದೇ ಮನೆತನದ ಕಾರ್ಡಿಗೇ ಸಾಗಿಸಬೇಕು. ಡೆಲ್ ಪರ್ಕ್, ಮೆಗಾರೇಡ್ ಕಾರ್ಡುಗಳಲ್ಲಿ ಬೂಟ್ ಆಗುವಾಗ ಫಾರಿನ್ ಕಾನ್ಫಿಗರೇಷನ್ ಸಿಕ್ಕಿದೆ ಅನ್ನುತ್ತದೆ. ಇಂಪೋರ್ಟ್ ಒತ್ತಬೇಕು. ಪಕ್ಕದಲ್ಲೇ ಕ್ಲಿಯರ್ ಇರುತ್ತದೆ. ಎಚ್‌ಪಿ ಸ್ಮಾರ್ಟ್ ಅರೇಯಲ್ಲಿ ಡಿಸ್ಕ್ ಸೇರಿಸಿ ಹಿಗ್ಗಿಸಲು ಕ್ಯಾಶ್‌ನ ಬ್ಯಾಟರಿ ಚೆನ್ನಾಗಿರಬೇಕು, ಇಲ್ಲದಿದ್ದರೆ ಆ ಆಯ್ಕೆಯೇ ಸಿಗುವುದಿಲ್ಲ.

ತನ್ನದೇ ರೇಡ್ (ರೇಡ್‌ಝಡ್) ಇರುವ ಫೈಲ್‌ಸಿಸ್ಟಂ ಆದ ಝಡ್‌ಎಫ್‌ಎಸ್‌ನವರು ಬಹಳ ವರ್ಷ ಕಾದರು. ರೇಡ್‌ಝಡ್‌ಗೆ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ 2025ರ ಜನವರಿಯಲ್ಲಿ ಬಂದ ಓಪನ್ ಝಡ್‌ಎಫ್‌ಎಸ್ 2.3ರಲ್ಲಿ ಸಿಕ್ಕಿತು, ಝಡ್‌ಪೂಲ್ ಅಟ್ಯಾಚ್ ಮೂಲಕ. ಆದರೆ ರೇಡ್‌ಝಡ್1 ಅನ್ನು 2 ಮಾಡಲು ಬರುವುದಿಲ್ಲ. ಹಳೆಯ ಫೈಲುಗಳು ಹಳೆಯ ಅನುಪಾತದಲ್ಲೇ ಉಳಿಯುತ್ತವೆ, ಮತ್ತೆ ಬರೆದರೆ ಮಾತ್ರ ಜಾಗ ಪೂರ್ತಿ ದಕ್ಕುತ್ತದೆ.

ಮುಗಿದ ಮೇಲೆ

ಎಂಡಿಎಡಿಎಂನ ಡೀಟೇಲ್ ಸ್ಕ್ಯಾನ್ ಕೊಡುವ ಸಾಲನ್ನು ಅದರ ಕಾನ್ಫ್ ಫೈಲಿನ ಹಳೆಯ ಸಾಲಿನ ಜಾಗಕ್ಕೆ ಹಾಕಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗುವ ಚಿಕ್ಕ ಸಿಸ್ಟಂ) ಅಪ್‌ಡೇಟ್ ಮಾಡಿ, ಒಂದು ಸಲ ರೀಬೂಟ್ ಮಾಡಿ ನೋಡಿ. ನೀವು ಎದುರಿಗೆ ಇರುವಾಗಲೇ ಮಾಡಿ, ಊರಿಗೆ ಹೋದ ಮೇಲೆ ಅಲ್ಲ. ಡಿಸ್ಕ್ ಬಿದ್ದರೆ ಮೇಲ್ ಬರುವ ಹಾಗೆ ಇಟ್ಟು, ಟೆಸ್ಟ್ ಮೇಲ್ ನಿಜವಾಗಿ ಬಂತಾ ಅಂತಲೂ ನೋಡಿಕೊಳ್ಳಿ. ಸ್ಪ್ಯಾಮ್ ಫೋಲ್ಡರಿನಲ್ಲೂ ಹುಡುಕಿ.

ತೆಗೆದ ಹಳೆಯ ಡಿಸ್ಕುಗಳನ್ನು ತಕ್ಷಣ ಬೇರೆ ಕೆಲಸಕ್ಕೆ ಹಾಕಬೇಡಿ. ದಿನಾಂಕ ಬರೆದು ಬೀರುವಿನಲ್ಲಿ ಇಡಿ. ಡೆಬಿಯನ್‌ನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಅರೇ ಚೆಕ್ ತಾನಾಗಿಯೇ ಓಡುತ್ತದೆ. ಅದು ಒಂದು ಸಲ ತಪ್ಪಿಲ್ಲದೆ ಮುಗಿದ ಮೇಲೆ ಹಳೆಯವುಗಳ ಸೂಪರ್‌ಬ್ಲಾಕ್ (ಡಿಸ್ಕಿನಲ್ಲಿ ಬರೆದಿರುವ ಅರೇಯ ಗುರುತು) ಅಳಿಸಿ ಬಳಸಿಕೊಳ್ಳಿ. ಅಳಿಸುವ ಮುಂಚೆ ಸೀರಿಯಲ್ ನಂಬರ್ ಇನ್ನೊಂದು ಸಲ ನೋಡಿ.